ಒಲೆಯ ಕಟ್ಟಿಗೆ ಎಲ್ಲಿಂದ?

ದಾವಣಗೆರೆಯ ಅಡ್ಡೆಯಲ್ಲಿ ಕಟ್ಟಿಗೆಯ ದರಕ್ಕಾಗಿ ಚೌಕಾಶಿ ಮಾಡುತ್ತೇವೆ. ಆದರೆ ದರವು ಅಲ್ಲಿ ಹುಟ್ಟುವುದಿಲ್ಲ. ಬಡವರ ಉರುವಲು ಊರೊಟ್ಟಿನ ಭೂಮಿಯಿಂದ ಬರತಕ್ಕದ್ದು. ಹರಿಹರದ ಹೊಳೆಯಾಚೆ, ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಗೆ ಮರ ಒದಗಿಸಲು 1984ರಲ್ಲಿ ಸರ್ಕಾರವೂ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಹೂಡಿದವು. ಅಂಥ ಭೂಮಿಯಲ್ಲಿ ನೀಲಗಿರಿ ಎದ್ದಿತು. ದನ ಮುಟ್ಟದ ಗಿಡ, ಮರವೆಲ್ಲ ಕಾರ್ಖಾನೆಗೆ! ಗುತ್ತಿಗೆ ಕೊಡುವಾಗ ಸೌದೆ ಆಯುವ ಹೆಂಗಸನ್ನು ಕೇಳಿದವರಾರು? 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನರು ಆ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹವೆಂದರೆ ಅದೇ. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1991ರಲ್ಲಿ ಕಂಪನಿ ಮುಚ್ಚಿತು.

ಆದುದರಿಂದ ನಿಮ್ಮೂರ ಗೋಮಾಳದ ಪಹಣಿಯನ್ನು ತೆಗೆಸಿ ನೋಡಿರಿ. ಅಲ್ಲಿ ಬೇವು, ಹೊಂಗೆ, ಜಾಲಿ ಹಚ್ಚಿಸಬೇಕೆಂದು ಪಂಚಾಯಿತಿಗೆ ಅರ್ಜಿ ಕೊಡುವುದಾದರೆ ನಾನೇ ಬರೆದುಕೊಡುವೆನು, ಫೀಜು ಬೇಡ.