ಎರಡು ಸಂಗೀತಗಳನ್ನು ಬಲ್ಲ ವಾಗ್ಗೇಯಕಾರರು



ಅರಸೀಕೆರೆಯ ಸೀಮೆಯ ಕಣಕಟ್ಟೆಯಲ್ಲಿ ಒಮ್ಮೆ ಗಂಭೀರನಾಟ ರಾಗದ ‘ಶ್ರೀ ಜಾಲಂಧರಂ’ ಕೃತಿಯನ್ನು ಕೇಳಿದ ಹಿರಿಯರೊಬ್ಬರು, ಇದು ಮುತ್ತುಸ್ವಾಮಿ ದೀಕ್ಷಿತರ ರಚನೆಯಲ್ಲವೇ ಎಂದು ನನ್ನನ್ನು ವಿಚಾರಿಸಿದರು. ಅಲ್ಲ, ಮೈಸೂರಿನ ಶ್ರೀ ಜಯಚಾಮರಾಜ ಒಡೆಯರವರದು ಎಂದೆನು. ಅವರಿಗೆ ಆಶ್ಚರ್ಯವಾಯಿತು. “ಅವರು ಪಿಯಾನೋ ನುಡಿಸುತ್ತಿದ್ದ ದೊರೆಗಳಲ್ಲವೇ? ಪರದೇಶದ ಸಂಗೀತವನ್ನು ಅಷ್ಟು ಹಚ್ಚಿಕೊಂಡವರಿಗೆ ಇದು ಹೇಗೆ ಒಲಿಯಿತು?” ಎಂದರು.

ಈ ಪ್ರಶ್ನೆಯು ಒಬ್ಬ ಅರಸರಿಗೆ ಮಾತ್ರ ಸಂಬಂಧಿಸಿದುದಲ್ಲ. ಪರರ ವಿದ್ಯೆಯನ್ನು ಮನಸಾರೆ ಕಲಿತವನು ತನ್ನದನ್ನು ಕಳೆದುಕೊಳ್ಳಲೇಬೇಕೇ? ಇಂಗ್ಲಿಷು ಓದಿ ಬೆಳೆದ ನಮ್ಮೆಲ್ಲರನ್ನೂ ಕಾಡುವ ಪ್ರಶ್ನೆ ಇದು. ಆದುದರಿಂದ ಇದನ್ನು ಕೊಂಚ ವಿಚಾರಮಾಡೋಣ.

ಮೊದಲು ಇದಕ್ಕೆ ವಿಪರ್ಯಾಯವಾದ ಒಂದು ನಿದರ್ಶನ. ಫ್ರಾನ್ಸಿನ ಆಲ್ಬೆರ್ ರುಸೆಲ್ ಎಂಬ ಸಂಗೀತ ರಚನಕಾರರು 1869ರಲ್ಲಿ ಹುಟ್ಟಿದರು. ಅವರು ಮೊದಲು ನೌಕಾಪಡೆಯ ಅಧಿಕಾರಿಗಳು. 1894ರಲ್ಲಿ ಆ ವೃತ್ತಿಯನ್ನು ಬಿಟ್ಟು ಸಂಗೀತಕ್ಕೆ ಮುಡಿಪಾದರು. 1909ರಲ್ಲಿ ಪತ್ನೀಸಮೇತರಾಗಿ ಭಾರತಕ್ಕೆ ಬಂದು, ಎಲ್ಲೋರದ ಗುಹೆಗಳನ್ನೂ ಜಯಪುರವನ್ನೂ ಕಾಶಿಯ ಗಂಗೆಯನ್ನೂ ಕಂಡು, ಆ ನೆನಪುಗಳನ್ನೇ ಮೂರು ಭಾಗಗಳ ವಾದ್ಯವೃಂದ ಕೃತಿಯನ್ನಾಗಿ ಹೆಣೆದರು. ಚಿತೋಡದ ರಾಣಿಯ ಕಥೆಯನ್ನುಳ್ಳ ಅವರ ‘ಪದ್ಮಾವತೀ’ ಎಂಬ ಗೀತನೃತ್ಯ ನಾಟಕವು 1923ರಲ್ಲಿ ಪ್ಯಾರಿಸಿನ ರಂಗವನ್ನೇರಿತು. ಅದರಲ್ಲಿ ನಮ್ಮ ಕಡೆಯ ಸ್ವರಶ್ರೇಣಿಗಳ ಛಾಯೆಯುಂಟು. ಆದರೆ ಅವು ಅಲ್ಲಿಯ ಸ್ವರಮೇಳಕ್ಕೆ, ಎಂದರೆ ಹಲವು ಸ್ವರಗಳನ್ನು ಏಕಕಾಲದಲ್ಲಿ ಕೂಡಿಸಿ ನುಡಿಸುವ ಕ್ರಮಕ್ಕೆ, ಅಧೀನವಾಗಿವೆ. ಮುಂದೆ ಅವರ ಶೈಲಿಯು ಇಂತಹ ವರ್ಣವೈಭವದಿಂದ ಸರಿದು, ಬಿಗಿಯಾದ, ಚುರುಕಾದ ಬಂಧಕ್ಕೆ ತಿರುಗಿತು. 1937ರಲ್ಲಿ ತೀರಿಕೊಳ್ಳುವವರೆಗೂ ಅವರು ಫ್ರಾನ್ಸಿನ ರಚನಕಾರರಾಗಿಯೇ ಉಳಿದರು.

ರುಸೆಲ್ ಅವರು ಪಶ್ಚಿಮದಿಂದ ಇತ್ತ ಬಂದರು. ಒಡೆಯರವರು ಇತ್ತಣಿಂದ ಅತ್ತ ಹೋದರು. 1919ರಲ್ಲಿ ಜನಿಸಿದ ಅವರು ಬಾಲ್ಯದಿಂದ ಪಾಶ್ಚಾತ್ಯ ಸಂಗೀತದಲ್ಲಿ ಬೆಳೆದು, ಕಚೇರಿಯ ಪಿಯಾನೋ ವಾದಕರಾಗಬೇಕೆಂದು ಹಂಬಲಿಸಿದ್ದರು. ವಿಧಿಯು ಬೇರೆ ಬಗೆಯಿತು. 1940ರ ಮಾರ್ಚಿಯಲ್ಲಿ ತಂದೆಯವರಾದ ಯುವರಾಜರು ಗತಿಸಿದರು. ಆಗಸ್ಟಿನಲ್ಲಿ ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರವರು ಕಾಲವಾದರು. ಇಪ್ಪತ್ತೊಂದರ ಹರೆಯದಲ್ಲಿ ರಾಜ್ಯಭಾರವು ಹೆಗಲಿಗೆ ಬಿದ್ದಿತು. ಕಚೇರಿಯ ವೇದಿಕೆಗೆ ಹೋಗಬೇಕಾಗಿದ್ದ ದಾರಿ ಅಲ್ಲಿಗೆ ಮುಚ್ಚಿತು. ಸಿಂಹಾಸನ ದೊರೆತುದನ್ನು ಲೋಕವು ಭಾಗ್ಯವೆಂದಿತು. ಕಲಾವಿದನ ದೃಷ್ಟಿಯಿಂದ ಅದರಲ್ಲಿ ಒಂದು ನಷ್ಟವೂ ಇದ್ದಿತೆಂಬುದನ್ನು ನಾವು ಮರೆಯಲಾಗದು.

ಆದರೆ ಆ ಸಿಂಹಾಸನದ ಸುತ್ತಲೇ ಇನ್ನೊಂದು ಸಂಗೀತವಿದ್ದಿತು. ಆಸ್ಥಾನದ ವೀಣೆ ವೆಂಕಟಗಿರಿಯಪ್ಪನವರಿಂದ ಅವರು ವೀಣೆಯನ್ನು ಕಲಿತರು. ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ವಾಸುದೇವಾಚಾರ್ಯರ ಮಾರ್ಗದರ್ಶನ ದೊರೆಯಿತು. ಜೊತೆಗೆ ಶ್ರೀವಿದ್ಯೆಯ ಉಪಾಸನೆಯೂ ಕೂಡಿತು. ಆ ದಶಕದಲ್ಲಿ ಕೃತಿಗಳು ಒಂದರಮೇಲೊಂದರಂತೆ ಹೊರಹೊಮ್ಮಿ, ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ 94 ಆದುವು. ಪ್ರತಿಯೊಂದಕ್ಕೂ ಬೇರೆ ಬೇರೆ ರಾಗ! ಅಠಾಣ, ಹಿಂದೋಳಗಳಂತಹ ಪ್ರಸಿದ್ಧ ರಾಗಗಳ ಜೊತೆಯಲ್ಲಿ ಅಪೂರ್ವ ರಾಗಗಳೂ ಅಲ್ಲುಂಟು. ಸಮಾಸಭರಿತವಾದ ಸಂಸ್ಕೃತ ಸಾಹಿತ್ಯ, ದೇವೀಪರವಾದ ಭಾವ, ಮಧ್ಯಮಕಾಲದ ನಡೆ, ಇವೆಲ್ಲವೂ ದೀಕ್ಷಿತರನ್ನೇ ನೆನಪಿಗೆ ತರುತ್ತವೆ. ಕಣಕಟ್ಟೆಯ ಹಿರಿಯರು ಹಾಗೆ ಭ್ರಮಿಸಿದುದರಲ್ಲಿ ತಪ್ಪೇನೂ ಇಲ್ಲ.

ಹಾಗಾದರೆ ಪಾಶ್ಚಾತ್ಯ ಸಂಗೀತವನ್ನು ಅವರು ತೊರೆದರೇ? ಇಲ್ಲವೇ ಇಲ್ಲ. ಲಂಡನಿನಲ್ಲಿ ಅನಾರೋಗ್ಯದಿಂದ ನರಳುತ್ತಿದ್ದ ರಷ್ಯದ ರಚನಕಾರರಾದ ಮೆಟ್ನರ್ ಅವರ ಕೃತಿಗಳು ಧ್ವನಿಮುದ್ರಿಕೆಗಳಾಗಿ ಉಳಿಯುವಂತೆ ಧನಸಹಾಯ ನೀಡಿದವರು ಇವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಇವರಿಗೇ ಅರ್ಪಿಸಿದರು. 1948ರಲ್ಲಿ ಲಂಡನಿನ ಫಿಲ್‌ಹಾರ್ಮೋನಿಯ ಕಚೇರಿ ಸಂಘಕ್ಕೆ ಇವರು ಪ್ರಥಮಾಧ್ಯಕ್ಷರಾದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರಾಸ್ ಅವರ ‘ಕಡೆಯ ನಾಲ್ಕು ಗೀತೆಗಳು’ ಮೊದಲ ಬಾರಿಗೆ ಕೇಳಿಬಂದುದಕ್ಕೂ ಇವರ ಧನಬೆಂಬಲವಿದ್ದಿತು.

ಇಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಅವರು ಎರಡು ಸಂಗೀತಗಳನ್ನೂ ಪ್ರೀತಿಸಿದರು. ಎರಡನ್ನೂ ಬೆರಕೆ ಮಾಡಲಿಲ್ಲ. ಅವರ ಕೃತಿಗಳಲ್ಲಿ ಪಿಯಾನೋದ ಸ್ವರಮೇಳವನ್ನು ಹುಡುಕಿದರೆ ಸಿಕ್ಕುವುದಿಲ್ಲ. ಪರಸಂಗೀತವು ಅವರಿಗೆ ಕೊಟ್ಟುದು ಆಭರಣವನ್ನಲ್ಲ, ಅಭ್ಯಾಸವನ್ನು ಎಂದು ನನ್ನ ನಂಬಿಕೆ: ಪ್ರತಿಯೊಂದು ಕೃತಿಯೂ ಅಚ್ಚುಕಟ್ಟಾಗಿರಬೇಕು, ಒಮ್ಮೆ ಆಡಿದುದನ್ನು ಮತ್ತೆ ಆಡಬಾರದು ಎಂಬ ಶಿಸ್ತು. ತೊಂಬತ್ತನಾಲ್ಕು ಕೃತಿಗಳಿಗೆ ಒಂದು ರಾಗವನ್ನೂ ಮರುಕಳಿಸದವರಲ್ಲಿ ಆ ಶಿಸ್ತು ಇದ್ದಿತೆನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಅವರು ಮಾದರಿಯಾಗಿಟ್ಟುಕೊಂಡ ದೀಕ್ಷಿತರಾದರೂ ಪರಸಂಗೀತಕ್ಕೆ ಕಿವಿ ಮುಚ್ಚಿಕೊಂಡವರಲ್ಲ. ಮದರಾಸಿನ ಬಳಿಯ ಮಣಲಿಯಲ್ಲಿದ್ದಾಗ ಕುಂಪಣಿಯವರ ಬ್ಯಾಂಡಿನ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದರು. ಅವೇ ‘ನೋಟ್ಟುಸ್ವರ’ಗಳು. ಅದರಿಂದ ಅವರ ದೊಡ್ಡ ಕೃತಿಗಳ ರಾಗಶುದ್ಧಿಗೆ ಕುಂದುಂಟಾಗಲಿಲ್ಲ.

ಒಡೆಯರವರು 1974ರಲ್ಲಿ ಕೀರ್ತಿಶೇಷರಾದರು. ರಾಜ್ಯವು ಅದಕ್ಕೆ ಬಹಳ ಮೊದಲೇ ಪ್ರಜೆಗಳದಾಗಿತ್ತು; ಕೃತಿಗಳು ಇಂದಿಗೂ ಹಾಡಿಸಿಕೊಳ್ಳುತ್ತಿವೆ. ಕಣಕಟ್ಟೆಯ ಆ ಹಿರಿಯರಿಗೆ ಅಂದು ನಾನು ಇಷ್ಟನ್ನೇ ಹೇಳಿದೆನು: ನೆರೆಮನೆಯ ದೀಪವನ್ನು ನೋಡಿ ಸಂತೋಷಪಟ್ಟವನ ಮನೆಯ ದೀಪವು ಆರಿಹೋಗಬೇಕಾಗಿಲ್ಲ, ತನ್ನ ಮನೆಯ ದೀಪಕ್ಕೆ ತಾನು ಎಣ್ಣೆಯೆರೆಯುತ್ತಿದ್ದರೆ ಸಾಕು. ಅವರು ಕ್ಷಣಕಾಲ ಸುಮ್ಮನಿದ್ದು, ಆ ಕೃತಿಯನ್ನು ಇನ್ನೊಮ್ಮೆ ಕೇಳಬೇಕೆಂದರು.