ಕಾಲೇಜು ಮೆಟ್ಟಿಲು ಹತ್ತದವರ ದಾರಿ

ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಒಂದೇ ಚಿಂತೆ: ಕಾಲೇಜು ಓದದಿದ್ದರೆ ಮಕ್ಕಳ ಮುಂದಿನ ಗತಿ ಏನು? ಆಗ ನೆಂಟರಲ್ಲಿ ಯಾರಾದರೊಬ್ಬರು ಧೈರ್ಯ ಹೇಳುತ್ತಾರೆ: ಶಿವರಾಮ ಕಾರಂತರು ಡಿಗ್ರಿ ಮುಗಿಸಿದ್ದರೇ? ಡಿ.ವಿ.ಜಿ. ಮೆಟ್ರಿಕ್ಯುಲೇಷನ್ ದಾಟಿದ್ದರೇ?

ಇಲ್ಲ, ನಿಜ. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಮಂಗಳೂರಿನಲ್ಲಿ ಕಾಲೇಜು ಬಿಟ್ಟ ಕಾರಂತರು ಮುಂದೆ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಬರೆದರು, 1977ರ ಜ್ಞಾನಪೀಠ ಪಡೆದರು. ಡಿ.ವಿ.ಜಿ. ಪತ್ರಿಕೆ ನಡೆಸಿದರು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಆದರೆ ಅವರಿಗೆ ತಪ್ಪಿದ್ದು ತರಗತಿ ಮಾತ್ರ, ಓದಲ್ಲ. ಜೊತೆಗೆ, ಪದವೀಧರರು ಬೆರಳೆಣಿಕೆಯಷ್ಟಿದ್ದ ಕಾಲ ಅದು. ಇಂದಿನ ಹುಡುಗರಿಗೆ ಆ ಉದಾಹರಣೆ ಕೊಡುವವರು ಇದನ್ನೂ ಹೇಳಬೇಕು.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ಬದುಕು ಈ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಹಾಲಕ್ಕಿ ಸಮುದಾಯದ ಅವರು ಶಾಲೆಯನ್ನೇ ಕಾಣಲಿಲ್ಲ. ಎಳೆಯ ವಯಸ್ಸಿನಲ್ಲೇ ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದರು. ಕಾಡಿನಲ್ಲಿ ಬೀಜ ಆಯುವುದು ಕಸ ಹೆಕ್ಕಿದ ಹಾಗಲ್ಲ. ಒಂದೇ ಜಾತಿಯ ನೂರು ಮರಗಳ ನಡುವೆ ಗಟ್ಟಿ ಸಸಿ ಕೊಡಬಲ್ಲ ತಾಯಿಮರ ಯಾವುದು, ಅದರ ಬೀಜ ಮಾಗುವುದು ಯಾವಾಗ, ನೆಲಕ್ಕೆ ಬಿದ್ದು ಹಾಳಾಗುವ ಮೊದಲು ಹೇಗೆ ತರಬೇಕು, ತಂದದ್ದನ್ನು ಹೇಗೆ ಮೊಳೆಸಬೇಕು, ಇಷ್ಟೂ ಗೊತ್ತಿರಬೇಕು. ತುಳಸಿಯವರಿಗೆ ಗೊತ್ತಿತ್ತು. ಓದಿ ಬಂದ ಅಧಿಕಾರಿಗಳೇ ಅವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಅವರು ಬರಿಗಾಲಿನಲ್ಲೇ ನಡೆದು ಹೋಗಿ ಪದ್ಮಶ್ರೀ ಸ್ವೀಕರಿಸಿದ್ದನ್ನು ನಾಡೇ ನೋಡಿತು.

ಅಷ್ಟು ತಿಳಿವಳಿಕೆಯಿದ್ದರೂ ಕೆಲಸ ಕಾಯಂ ಆಗುವ ಮುನ್ನ ಅವರು ಮೂವತ್ತು ವರ್ಷಕ್ಕೂ ಮಿಕ್ಕಿ ದಿನಗೂಲಿಯಲ್ಲಿ ದುಡಿದರು. ಪದ್ಮಶ್ರೀಯ ಚಿತ್ರ ತೋರಿಸಿ ಓದು ಬೇಡವೆನ್ನುವವರು ಆ ಮೂವತ್ತು ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಿಳಿವಳಿಕೆಗೆ ಕಾಲೇಜು ಬೇಕಿಲ್ಲದಿರಬಹುದು. ತಿಳಿದವರಿಗೆ ತಕ್ಕ ಸಂಬಳ ಸಿಗಲು ನಮ್ಮಲ್ಲಿ ಇನ್ನೂ ಕಾಗದವೇ ಬೇಕು. ಇದು ಅನ್ಯಾಯ.

ಅದೇ ಸಾಲಿನ ಪದ್ಮ ಪುರಸ್ಕೃತರಲ್ಲಿ ಹರೇಕಳ ಹಾಜಬ್ಬನವರೂ ಇದ್ದರು. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದಾಗ ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು, ಇವರಿಗೆ ಅರ್ಥವಾಗಲಿಲ್ಲ. ಆ ನೋವು ತಮ್ಮೂರಿನ ಮಕ್ಕಳಿಗೆ ಬರಬಾರದೆಂದು ದುಡಿದ ಹಣ ಸೇರಿಸಿ ಶಾಲೆ ಕಟ್ಟಿಸಿದರು. ಆಮೇಲೆ ಊರಿಗೆ ಪಿಯು ಕಾಲೇಜು ಬೇಕೆಂದು ಕೇಳಿದರು. ಓದು ಸಿಗದವರೇ ಓದನ್ನು ಹೀಗೆ ಬಯಸುವಾಗ, ಸಿಕ್ಕವರು ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ.

ಡಾಕ್ಟರು, ವಕೀಲರ ವಿಷಯದಲ್ಲಿ ಚರ್ಚೆಯೇ ಇಲ್ಲ. ಕಾನೂನೇ ಪದವಿ ಕೇಳುತ್ತದೆ. ಉಳಿದವರಿಗೆ ದಾರಿಗಳಿವೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಈಗ ಹಲವು ಜಿಲ್ಲೆಗಳಲ್ಲಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರು ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಸೇರಬಹುದು: ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಇಂಥ ಕಸುಬಿನ ಮೊದಲ ಪಾಠ ಫೈಲ್ ಹಿಡಿಯುವುದು. ಕಬ್ಬಿಣದ ತುಂಡನ್ನು ಉಜ್ಜಿ, ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿಯಬೇಕು. ಸಂದಿಯಲ್ಲಿ ಬೆಳಕಿನ ಗೆರೆ ಕಂಡರೆ ಮತ್ತೆ ಉಜ್ಜಬೇಕು. ಕೈಗೆ ಬಂದ ಆ ಹದ ಪರೀಕ್ಷೆಯ ಮರುದಿನ ಮರೆತುಹೋಗುವಂಥದ್ದಲ್ಲ.

ಹಾಗೆ ಹೋದವರಿಗೆ ಕಾಲೇಜಿನ ಬಾಗಿಲು ಮುಚ್ಚುವುದೂ ಇಲ್ಲ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಆದವರು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವಿದೆ. ಕೆಲಸ ಬಿಡಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಹದಿನೆಂಟಕ್ಕೆ ಸೀಟು ಸಿಗಲಿಲ್ಲವೆಂದು ಅಳುವ ಮಗಳಿಗೆ, ಮಂಕಾಗಿ ಕೂತ ಮಗನಿಗೆ ಈ ದಾರಿಗಳ ವಿವರವನ್ನು ಹೆತ್ತವರು ಅಂದೇ ಕೂರಿಸಿಕೊಂಡು ಹೇಳಲಿ.