ಗಾಳಿಗೆ ಎದುರಾದ ಕಣ್ಣು



ಆಷಾಢದ ಗಾಳಿಯಲ್ಲಿ ಜಗಳೂರಿನಿಂದ ದಾವಣಗೆರೆಗೆ ಬೈಕಿನಲ್ಲಿ ಹೊರಟು, ಹೆಲ್ಮೆಟ್ಟಿನ ಗ್ಲಾಸು ಮೇಲಕ್ಕೆತ್ತಿಕೊಂಡು ಹೋದವರಿಗೆ ನಾನು ಹೇಳಬೇಕಾದದ್ದರಲ್ಲಿ ಅರ್ಧ ಆಗಲೇ ಗೊತ್ತಿದೆ. ಗಂಟೆಗೆ 60 ಕಿಲೋಮೀಟರ್ ಮುಟ್ಟುವ ಹೊತ್ತಿಗೆ ಕಣ್ಣಲ್ಲಿ ನೀರು ಸುರಿಯುತ್ತದೆ, ಎದುರಿನ ಲಾರಿ ಮಸುಕಾಗುತ್ತದೆ, ಒಂದು ಸಣ್ಣ ಹುಳ ಬಿದ್ದರೂ ಗಾಡಿ ನಿಲ್ಲಿಸಲೇಬೇಕು. ಇನ್ನು ವಿಮಾನದಿಂದ ಹೊರಗೆ ಜಿಗಿದವರ ಪಾಡು ಏನಿರಬೇಡ! ಹೊಟ್ಟೆ ಕೆಳಗೆ ಮಾಡಿ, ಕೈಕಾಲು ಚಾಚಿ ಬೀಳುವವರ ವೇಗ ಗಂಟೆಗೆ 200 ಕಿಲೋಮೀಟರ್ ಆಸುಪಾಸು. ವೇಗ ಮೂರು ಪಟ್ಟು ಚಿಲ್ಲರೆ ಹೆಚ್ಚಿದರೆ ಗಾಳಿಯ ಏಟು ಹನ್ನೊಂದು ಪಟ್ಟು ಹೆಚ್ಚುತ್ತದೆ. 13,000 ಅಡಿಯಿಂದ ಜಿಗಿದರೆ ಪ್ಯಾರಾಚೂಟ್ ಬಿಚ್ಚುವ ತನಕ ಸಿಗುವುದು ಸುಮಾರು ಒಂದು ನಿಮಿಷ. ಆ ಒಂದು ನಿಮಿಷದಲ್ಲಿ ಮಣಿಕಟ್ಟಿಗೆ ಕಟ್ಟಿದ ಎತ್ತರ ತೋರಿಸುವ ಮೀಟರಿನ ಮುಳ್ಳು ಕಾಣಬೇಕು, ಪಕ್ಕದಲ್ಲಿ ಬೀಳುತ್ತಿರುವವರು ಕಾಣಬೇಕು, ನೆಲ ಕಾಣಬೇಕು.

ಆ ಕಣ್ಣಿಗೆ ಏನು ತೊಡಿಸುವುದು ಎಂದು ಜನ ತಲೆ ಕೆಡಿಸಿಕೊಂಡ ಇತಿಹಾಸ ಇವತ್ತಿನ ವಿಷಯ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಎಂಬ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ವಿಮಾನದಿಂದ ಜಿಗಿಯುವ ಬಯಲು ಎಲ್ಲೂ ಇಲ್ಲ, ನಿಜ. ಆದರೆ ಈ ಇತಿಹಾಸದ ಒಂದು ತುಂಡು ನಮ್ಮ ಅಜ್ಜಿಯಂದಿರ ಕಣ್ಣೊಳಗೇ ಇದೆ. ಅಲ್ಲಿಗೂ ಬರುತ್ತೇನೆ.

ಕನ್ನಡಕ ನಮಗೆ ಹೊಸದಲ್ಲ. ವಿಜಯನಗರದ ವ್ಯಾಸರಾಯರು ಕನ್ನಡಕ ಇಟ್ಟುಕೊಂಡು ಪುಸ್ತಕ ಓದುತ್ತಿದ್ದ ವರ್ಣನೆ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ ಎಂಬ ಸಂಸ್ಕೃತ ಕೃತಿಯಲ್ಲಿ ಇದೆ. 1520ರ ಸುಮಾರಿನ ಮಾತು ಅದು. ಇತಿಹಾಸಕಾರ ಪಿ. ಕೆ. ಗೋಡೆ ಇದನ್ನು ಎತ್ತಿ ತೋರಿಸಿದರು. ಜಗಳೂರಿನಿಂದ ಹಂಪಿ ದೂರವೇನಲ್ಲ. ಹಾಗಾಗಿ ಕನ್ನಡಕದ ಚರಿತ್ರೆ ನಮ್ಮ ನೆರೆಮನೆಯದೇ ಅಂದುಕೊಳ್ಳಬಹುದು. ಆದರೆ ಅದು ಓದುವವರ ಕನ್ನಡಕ. ಕೂತು ಓದುವ ಕಣ್ಣಿಗೆ ಗಾಳಿಯ ಕಾಟ ಇರಲಿಲ್ಲ.

1797ರ ಅಕ್ಟೋಬರ್ 22ರಂದು ಆಂದ್ರೆ ಗಾರ್ನೆರಿನ್ ಪ್ಯಾರಿಸ್ಸಿನಲ್ಲಿ ಬಲೂನಿನಿಂದ ಪ್ಯಾರಾಚೂಟ್ ಕಟ್ಟಿಕೊಂಡು ಇಳಿದ. ನಮ್ಮ ದೇಶದಲ್ಲಿ 1890ರಲ್ಲಿ ಕಲ್ಕತ್ತೆಯ ರಾಮಚಂದ್ರ ಚಟರ್ಜಿ ಅದೇ ಸಾಹಸ ಮಾಡಿದರು. ಇವರಿಬ್ಬರಿಗೂ ಕಣ್ಣಿನ ಚಿಂತೆ ಇರಲಿಲ್ಲ. ಕೊಡೆ ಬೇಗನೆ ಬಿಚ್ಚಿಕೊಳ್ಳುತ್ತಿತ್ತು, ವೇಗ ಏರಲು ಸಮಯವೇ ಸಿಗುತ್ತಿರಲಿಲ್ಲ. ಕೊಡೆ ಬಿಚ್ಚದೆ ಬೀಳುತ್ತ ಹೋದರೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ ಎಂದೇ ಬಹಳ ಜನ ನಂಬಿದ್ದರು. 1919ರ ಏಪ್ರಿಲ್ 28ರಂದು ಅಮೆರಿಕದ ಲೆಸ್ಲಿ ಇರ್ವಿನ್ ವಿಮಾನದಿಂದ ಜಿಗಿದು, ಸ್ವಲ್ಪ ಹೊತ್ತು ಹಾಗೇ ಬಿದ್ದು, ಆಮೇಲೆ ತನ್ನ ಕೈಯಾರೆ ಹಗ್ಗ ಎಳೆದು ಕೊಡೆ ಬಿಚ್ಚಿದ. ಪ್ರಜ್ಞೆ ತಪ್ಪಲಿಲ್ಲ, ಕಾಲು ಮಾತ್ರ ಮುರಿಯಿತು. ಜಿಗಿಯುವವರಿಗೆ ಕಣ್ಣಿನ ಸಮಸ್ಯೆ ಶುರುವಾದದ್ದು ಅಲ್ಲಿಂದ.

ಪೈಲಟ್ಟುಗಳಿಗೆ ಆ ಸಮಸ್ಯೆ ಅದಾಗಲೇ ಇತ್ತು. ಆಗಿನ ವಿಮಾನಕ್ಕೆ ಮುಚ್ಚಿದ ಕೋಣೆ ಇಲ್ಲ. ಮುಖಕ್ಕೆ ಗಾಳಿ, ಜೊತೆಗೆ ಇಂಜಿನ್ನಿನ ಎಣ್ಣೆಯ ಸಿಂಚನ. ಮೋಟಾರು ಓಡಿಸುವವರ ತೊಗಲಿನ ಗಾಗಲ್ಸನ್ನೇ ಅವರೂ ಹಾಕಿಕೊಂಡರು. ಅದರಲ್ಲಿದ್ದದ್ದು ಗಾಜು, ಒಡೆದರೆ ನೇರ ಕಣ್ಣಿಗೆ. 1903ರಲ್ಲಿ ಫ್ರಾನ್ಸಿನ ಎದುಆರ್ ಬೆನೆಡಿಕ್ಟಸ್ ಪ್ರಯೋಗಶಾಲೆಯಲ್ಲಿ ಬೀಳಿಸಿದ ಒಂದು ಗಾಜಿನ ಬುರುಡೆ ಬಿರುಕು ಬಿಟ್ಟರೂ ಚೂರಾಗಲಿಲ್ಲ. ಒಳಗೆ ಒಣಗಿದ್ದ ರಾಸಾಯನಿಕದ ಪೊರೆ ಚೂರುಗಳನ್ನು ಹಿಡಿದಿಟ್ಟಿತ್ತು. ಎರಡು ಗಾಜಿನ ನಡುವೆ ಪೊರೆ ಕೂರಿಸಿದ ಟ್ರಿಪ್ಲೆಕ್ಸ್ ಗಾಜು ಹುಟ್ಟಿದ್ದು ಹಾಗೆ. 1930ರ ದಶಕದಲ್ಲಿ ಪರ್ಸ್ಪೆಕ್ಸ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಬಂತು, ಯುದ್ಧವಿಮಾನಗಳ ಪೈಲಟ್ ಕೂರುವ ಜಾಗಕ್ಕೆ ಅದರ ಮುಚ್ಚಳ ಬಂತು.

ಈಗ ನಾನು ಹೇಳಬೇಕೆಂದುಕೊಂಡು ಬಂದ ಮುಖ್ಯ ಸಂಗತಿ. 1940ರ ಆಗಸ್ಟ್. ಇಂಗ್ಲೆಂಡಿನ ಮೇಲೆ ಜರ್ಮನ್ ವಿಮಾನಗಳ ದಾಳಿ. ಗಾರ್ಡನ್ ಕ್ಲೀವರ್ ಎಂಬ ಪೈಲಟ್ ಹರಿಕೇನ್ ವಿಮಾನ ಏರಿ ಹೊರಟ. ಅವಸರದಲ್ಲಿ ಗಾಗಲ್ಸ್ ಮರೆತಿದ್ದನೆಂದು ಹೇಳುತ್ತಾರೆ. ಗುಂಡು ಬಡಿದು ಪರ್ಸ್ಪೆಕ್ಸ್ ಮುಚ್ಚಳ ಸಿಡಿಯಿತು, ಚೂರುಗಳು ಎರಡೂ ಕಣ್ಣಿಗೆ ಹೊಕ್ಕವು. ಏನೂ ಕಾಣದ ಸ್ಥಿತಿಯಲ್ಲೇ ಅವನು ಪ್ಯಾರಾಚೂಟಿನಲ್ಲಿ ಜಿಗಿದು ಬದುಕಿದ. ಬಲಗಣ್ಣು ಹೋಯಿತು. ಎಡಗಣ್ಣಿನಲ್ಲಿ ಚೂರುಗಳು ಹಾಗೇ ಉಳಿದವು.

ಅವನ ಕಣ್ಣು ನೋಡಿಕೊಂಡ ವೈದ್ಯರಲ್ಲಿ ಹೆರಾಲ್ಡ್ ರಿಡ್ಲಿ ಒಬ್ಬರು. ವರ್ಷಗಳು ಕಳೆದರೂ ಆ ಪ್ಲಾಸ್ಟಿಕ್ ಚೂರುಗಳಿಂದ ಕಣ್ಣು ಕೆರಳದೆ ಇದ್ದದ್ದು ಅವರ ಗಮನಕ್ಕೆ ಬಂತು. ಮರದ ಸಿಬಿರು ಹೊಕ್ಕರೆ ಕೀವು ತುಂಬುವ ಕಣ್ಣು ಇದನ್ನು ಮಾತ್ರ ಸುಮ್ಮನೆ ಇಟ್ಟುಕೊಂಡಿತ್ತು. ಹಾಗಾದರೆ ಪೊರೆ ಬಂದ ಮಸೂರವನ್ನು ತೆಗೆದು ಆ ಜಾಗಕ್ಕೆ ಇದೇ ಪ್ಲಾಸ್ಟಿಕ್ಕಿನ ಮಸೂರ ಯಾಕೆ ಇಡಬಾರದು? 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರು ಅದನ್ನು ಮಾಡಿದರು. ಕಣ್ಣಿನಿಂದ ಹೊರಗಿನ ವಸ್ತುವನ್ನು ತೆಗೆಯುವುದು ವೈದ್ಯರ ಕೆಲಸವೇ ಹೊರತು ಒಳಗೆ ತುರುಕುವುದಲ್ಲ ಎಂದು ಆ ಕಾಲದ ದೊಡ್ಡ ವೈದ್ಯರು ಅವರ ಮೇಲೆ ಹರಿಹಾಯ್ದರು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1981ರಲ್ಲಿ. 1987ರಲ್ಲಿ ಕ್ಲೀವರ್‌ಗೇ ಪೊರೆ ಬಂತು. ಉಳಿದಿದ್ದ ಆ ಒಂದು ಕಣ್ಣಿಗೆ ಪ್ಲಾಸ್ಟಿಕ್ ಲೆನ್ಸ್ ಹಾಕಿದರು.

ಇದಕ್ಕೂ ಹೊನ್ನಾಳಿಗೂ ಏನು ಸಂಬಂಧ ಅಂತ ಕೇಳಬೇಡಿ. ನಮ್ಮ ರಾಜ್ಯದಲ್ಲಿ ಪೊರೆ ತೆಗೆಯುವುದೆಂದರೆ ಬಹುಕಾಲ ಡಾ. ಎಂ. ಸಿ. ಮೋದಿಯವರ ಹೆಸರೇ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಅವರು ಊರೂರಿಗೆ ಹೋಗಿ ಶಿಬಿರ ಹಾಕಿ ಆಪರೇಷನ್ ಮಾಡಿದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಆಪರೇಷನ್ ಮಾಡಿದ್ದು ದಾಖಲೆ. ಆದರೆ ಆ ಕಾಲದಲ್ಲಿ ಪೊರೆಯ ಜೊತೆ ಮಸೂರವೇ ಹೊರಗೆ ಬರುತ್ತಿತ್ತು, ಅದರ ಬದಲಿಗೆ ಸೋಡಾಬುಡ್ಡಿ ಕನ್ನಡಕ. ಅದರಲ್ಲಿ ನೋಡಿದರೆ ಎದುರಿಗಿರುವುದೆಲ್ಲ ಕಾಲು ಭಾಗ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಲೋಟ ಹಿಡಿಯಲು ಚಾಚಿದ ಕೈ ಅರ್ಧದಲ್ಲೇ ನಿಲ್ಲುತ್ತದೆ, ಮೆಟ್ಟಿಲ ಲೆಕ್ಕ ತಪ್ಪುತ್ತದೆ, ಅಂಚಿನಲ್ಲಿ ಬಂದ ಎಮ್ಮೆ ಮಾಯವಾಗಿ ಫಕ್ಕನೆ ಪ್ರತ್ಯಕ್ಷವಾಗುತ್ತದೆ. ಕಣ್ಣೊಳಗೆ ಇಡುವ ಲೆನ್ಸು ಆಗ ಬಡವರ ಕೈಗೆ ಎಟುಕುವ ಬೆಲೆಯದಾಗಿರಲಿಲ್ಲ. 1992ರಲ್ಲಿ ಮಧುರೆಯ ಅರವಿಂದ ಕಣ್ಣಾಸ್ಪತ್ರೆಯವರು ಅರೋಲ್ಯಾಬ್ ಸ್ಥಾಪಿಸಿ ನಮ್ಮಲ್ಲೇ ಲೆನ್ಸ್ ಮಾಡತೊಡಗಿದ ಮೇಲೆ ಬೆಲೆ ನೆಲಕ್ಕಿಳಿಯಿತು. ಇವತ್ತು ನ್ಯಾಮತಿಯ ಅಜ್ಜಿಯೊಬ್ಬರು ಬೆಳಿಗ್ಗೆ ಹೋಗಿ ‘ಲೆನ್ಸ್ ಹಾಕಿಸ್ಕೊಂಡು’ ಸಂಜೆ ಮನೆಗೆ ಬರುತ್ತಾರಲ್ಲ, ಅದರ ಬೇರು ಒಬ್ಬ ಪೈಲಟ್ ಮರೆತ ಗಾಗಲ್ಸಿನಲ್ಲಿದೆ.

ಇನ್ನು ಕಣ್ಣಿನ ಮೇಲೆ ಕೂರುವ ಲೆನ್ಸು, ಅಂದರೆ ಕಾಂಟ್ಯಾಕ್ಟ್ ಲೆನ್ಸ್. 1888ರಲ್ಲಿ ಜ್ಯೂರಿಕ್‌ನಲ್ಲಿದ್ದ ಅಡಾಲ್ಫ್ ಫಿಕ್ ಎಂಬ ಜರ್ಮನ್ ವೈದ್ಯ ಗಾಜಿನ ದೊಡ್ಡ ಬಟ್ಟಲು ಮಾಡಿಸಿ ಮೊದಲು ಮೊಲಗಳ ಕಣ್ಣಿಗೆ, ಆಮೇಲೆ ತನ್ನ ಕಣ್ಣಿಗೇ ಇಟ್ಟುಕೊಂಡು ನೋಡಿದ. ಅದೇ ಹೊತ್ತಿಗೆ ಪ್ರಯೋಗ ಮಾಡಿದ ಆಗುಸ್ಟ್ ಮ್ಯುಲ್ಲರ್‌ಗೆ, ಕೊಕೇನ್ ಹನಿ ಹಾಕಿ ಕಣ್ಣು ಮರಗಟ್ಟಿಸಿದರೂ ಅರ್ಧ ಗಂಟೆಗಿಂತ ತಡೆಯಲಾಗಲಿಲ್ಲ. 1948ರಲ್ಲಿ ಅಮೆರಿಕದ ಕೆವಿನ್ ಟೂಹಿ ಬರೀ ಕಪ್ಪುಗುಡ್ಡೆಯನ್ನಷ್ಟೇ ಮುಚ್ಚುವ ಪುಟ್ಟ ಪ್ಲಾಸ್ಟಿಕ್ ಲೆನ್ಸ್ ತಂದ. ಅದೂ ಪರ್ಸ್ಪೆಕ್ಸ್ ಜಾತಿಯದೇ, ಗಟ್ಟಿ.

ಮೆತ್ತಗಿನ ಲೆನ್ಸ್ ಬಂದದ್ದು ಅಡುಗೆಮನೆಯ ಮೇಜಿನಿಂದ. ಪ್ರಾಗ್ ನಗರದ ರಸಾಯನಶಾಸ್ತ್ರಜ್ಞ ಒಟ್ಟೊ ವಿಚ್ಟರ್ಲೆ ನೀರು ಹೀರಿ ಮೃದುವಾಗುವ ಪ್ಲಾಸ್ಟಿಕ್ ಕಂಡುಹಿಡಿದಿದ್ದರು. ಅದನ್ನು ಲೆನ್ಸಿನ ಆಕಾರಕ್ಕೆ ತರುವುದು ಮಾತ್ರ ಆಗುತ್ತಿರಲಿಲ್ಲ, ಅಂಚು ಹರಿಯುತ್ತಿತ್ತು. ಮೇಲಿನವರು ಯೋಜನೆಗೆ ಬೆಂಬಲ ನಿಲ್ಲಿಸಿದರು. 1961ರ ಕ್ರಿಸ್‌ಮಸ್ ರಜೆಯಲ್ಲಿ ಅವರು ಮಕ್ಕಳ ಆಟಿಕೆಯ ಕಬ್ಬಿಣದ ಪಟ್ಟಿ, ನಟ್ಟು, ಬೋಲ್ಟು ಜೋಡಿಸಿ, ಸೈಕಲ್ ಡೈನಮೊದಿಂದ ಅಚ್ಚು ಗಿರ್ರನೆ ತಿರುಗಿಸಿ, ಅದರೊಳಗೆ ದ್ರವ ಹನಿಸಿದರು. ತಿರುಗುವ ಅಚ್ಚಿನಲ್ಲಿ ದ್ರವ ತಾನಾಗಿ ಬಟ್ಟಲಾಯಿತು, ಅಂಚು ನುಣ್ಣಗೆ ಬಂತು. ಆ ರಜೆಯಲ್ಲಿ ನಾಲ್ಕು ಲೆನ್ಸ್ ಆದವು. ಮುಂದಿನ ತಿಂಗಳುಗಳಲ್ಲಿ ಹೆಂಡತಿಯ ಜೊತೆ ಕೂತು ಸಾವಿರಾರು ಮಾಡಿದರು. 1971ರಲ್ಲಿ ಅಮೆರಿಕದ ಪೇಟೆಗೆ ಬಂತು. ಕೋಟಿ ಕೋಟಿ ವ್ಯಾಪಾರ ನಡೆಯಿತು, ವಿಚ್ಟರ್ಲೆಗೆ ದಕ್ಕಿದ್ದು ಚೂರುಪಾರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಜಿಗಿಯುವವರಿಗೆ ಈ ಎರಡು ಬಗೆಯ ಲೆನ್ಸಿನ ವ್ಯತ್ಯಾಸ ತುಂಬ ಮುಖ್ಯ. ಗಟ್ಟಿ ಲೆನ್ಸಿನ ಅಗಲ ಒಂಬತ್ತು ಹತ್ತು ಮಿಲಿಮೀಟರ್. ಕಣ್ಣೀರಿನ ತೆಳುವಾದ ಪದರದ ಮೇಲೆ ತೇಲುತ್ತಿರುತ್ತದೆ. ಗಾಳಿ ನುಗ್ಗಿದರೆ ಹಾರಿಹೋಗಬಹುದು, ಅಡಿಗೆ ಧೂಳಿನ ಕಣ ಸಿಕ್ಕಿಕೊಂಡರಂತೂ ಕಣ್ಣು ಬಿಡಲಾಗುವುದಿಲ್ಲ. ಮೆತ್ತಗಿನ ಲೆನ್ಸ್ ಹದಿನಾಲ್ಕು ಮಿಲಿಮೀಟರಿನಷ್ಟು ಅಗಲ, ಅಂಚು ರೆಪ್ಪೆಯ ಅಡಿಯಲ್ಲಿ ಸೇರಿಕೊಂಡಿರುತ್ತದೆ, ಸುಲಭಕ್ಕೆ ಜಾರದು. ಆದರೆ ಅದು ನೀರನ್ನೇ ನಂಬಿಕೊಂಡಿರುವ ವಸ್ತು. ಗಾಳಿಗೆ ಒಣಗಿದರೆ ಕುಗ್ಗುತ್ತದೆ, ಚುಚ್ಚುತ್ತದೆ. ಆದ್ದರಿಂದ ಲೆನ್ಸ್ ಇದ್ದರೂ ಅದರ ಮೇಲೆ ಗಾಗಲ್ಸ್ ಬೇಕೇ ಬೇಕು. ಲೆನ್ಸ್ ಹಾಕಿದ್ದೀನಲ್ಲ, ಗಾಗಲ್ಸ್ ಸ್ವಲ್ಪ ಸಡಿಲ ಇದ್ದರೂ ನಡೆಯುತ್ತೆ ಅನ್ನುವುದು ಶುದ್ಧ ತಪ್ಪು.

ಗಾಗಲ್ಸ್ ಆರಿಸುವುದು ಹೇಗೆ? ಪಟ್ಟಿ ಕಟ್ಟದೆ ಮುಖಕ್ಕೆ ಒತ್ತಿ ನೋಡಿ. ಹುಬ್ಬಿನ ಮೇಲೂ ಕೆನ್ನೆಯ ಮೇಲೂ ಮೂಗಿನ ಪಕ್ಕದಲ್ಲೂ ಸಂದಿಲ್ಲದೆ ಕೂರಬೇಕು. ಹೆಚ್ಚು ಮಂದಿಗೆ ಗಾಳಿ ನುಗ್ಗುವುದು ಮೂಗಿನ ಪಕ್ಕದ ಸಂದಿಯಲ್ಲೇ. ಸ್ವಲ್ಪವೂ ಗಾಳಿಯಾಡದಿದ್ದರೆ ಉಸಿರಿನ ಹಬೆ ಕೂರುತ್ತದೆ, ಅದಕ್ಕೇ ಅಂಚಿನಲ್ಲಿ ಸಣ್ಣ ತೂತುಗಳು. ಬಣ್ಣದ ಗ್ಲಾಸು ಮಧ್ಯಾಹ್ನಕ್ಕೆ ಸೈ, ಇಳಿಹೊತ್ತಿನಲ್ಲಿ ಅದರಿಂದ ನೆಲದ ಅಂದಾಜು ತಪ್ಪುತ್ತದೆ. ಹೊಸಬರಿಗೆ ಬಣ್ಣವಿಲ್ಲದ್ದೇ ಮೇಲು. ಪವರ್ ಕನ್ನಡಕವೇ ಬೇಕೆನ್ನುವವರಿಗೆ ಅದರ ಮೇಲೆಯೇ ಕೂರುವಂಥ ದೊಡ್ಡ ಗಾಗಲ್ಸ್ ಸಿಗುತ್ತದೆ. ಒಳಗಿನದು ಗಾಜಿನ ಕನ್ನಡಕ ಆಗಿರಬಾರದು. 1953ರಲ್ಲಿ ಜರ್ಮನಿಯಲ್ಲಿ ಹರ್ಮನ್ ಶ್ನೆಲ್, ಅಮೆರಿಕದಲ್ಲಿ ಡೇನಿಯಲ್ ಫಾಕ್ಸ್ ಬೇರೆ ಬೇರೆಯಾಗಿ ಕಂಡುಹಿಡಿದ ಪಾಲಿಕಾರ್ಬೊನೇಟ್ ಒಡೆಯುವುದು ಬಲು ಕಷ್ಟ. ನಮ್ಮ ವೆಲ್ಡಿಂಗ್ ಶಾಪಿನ ಹುಡುಗರು ಗ್ರೈಂಡರ್ ಹಿಡಿಯುವಾಗ ಹಾಕಿಕೊಳ್ಳಬೇಕಾದ, ಹಾಕಿಕೊಳ್ಳದೆ ಜೇಬಿನಲ್ಲಿಟ್ಟುಕೊಳ್ಳುವ ಕನ್ನಡಕವೂ ಅದರದೇ.

ಮತ್ತೆ ಇತಿಹಾಸಕ್ಕೆ ಬಂದರೆ, ನಮ್ಮ ದೇಶದ ಸೈನಿಕರು 1941ರಲ್ಲಿ ದೆಹಲಿಯಲ್ಲಿ ಜಿಗಿಯಲು ಕಲಿತರು. ಆಗ ವಿಮಾನಕ್ಕೆ ಕಟ್ಟಿದ ಪಟ್ಟಿಯೇ ಕೊಡೆ ಬಿಚ್ಚುತ್ತಿತ್ತು, ಕೆಲವು ಸೆಕೆಂಡುಗಳ ಮಾತು. ಸ್ವತಂತ್ರವಾಗಿ ಬೀಳುವ ಕಲೆಯನ್ನು ಜನರ ಕಣ್ಣೆದುರಿಗೆ ತಂದದ್ದು 1987ರಲ್ಲಿ ಆಗ್ರಾದಲ್ಲಿ ಹುಟ್ಟಿದ ವಾಯುಪಡೆಯ ‘ಆಕಾಶಗಂಗಾ’ ತಂಡ. ಕರ್ನಾಟಕದ ಪಾಲೂ ಸಣ್ಣದಲ್ಲ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ. ಹಾರುವವರ ಕಣ್ಣು, ಕಿವಿ, ಎದೆ ಪರೀಕ್ಷಿಸುವ ವಾಯುಪಡೆಯ ವೈದ್ಯಕೀಯ ಸಂಸ್ಥೆ 1957ರಿಂದ ಅಲ್ಲೇ ಇದೆ. ಮೈಸೂರಿನ ಮಂಡಕಳ್ಳಿಯಲ್ಲಿ ಸಾಮಾನ್ಯ ಜನರಿಗಾಗಿ ಜಿಗಿತದ ಶಿಬಿರಗಳೂ ನಡೆದಿವೆ. 2025ರ ಅಕ್ಟೋಬರಿನಲ್ಲಿ ಮೂವರು ವಾಯುಸೈನಿಕರು 32,000 ಅಡಿ ಎತ್ತರದಿಂದ ಜಿಗಿದ ಪ್ಯಾರಾಚೂಟ್ ವ್ಯವಸ್ಥೆಯನ್ನು ಸಿದ್ಧಪಡಿಸಿದ್ದು ಆಗ್ರಾ ಮತ್ತು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯಗಳು. ಅಷ್ಟು ಎತ್ತರದಲ್ಲಿ ಚಳಿ ಸೊನ್ನೆಗಿಂತ ನಲವತ್ತೈದು ಡಿಗ್ರಿಗೂ ಕೆಳಗೆ. ಕಣ್ಣೀರೂ ಹೆಪ್ಪುಗಟ್ಟುವ ಜಾಗ. 2012ರಲ್ಲಿ 39 ಕಿಲೋಮೀಟರ್ ಎತ್ತರಕ್ಕೆ ಹೋದ ಫೆಲಿಕ್ಸ್ ಬಾಮ್‌ಗಾರ್ಟ್ನರ್ ಜಿಗಿಯುವ ಮುಂಚೆ ಅನುಮಾನಪಟ್ಟಿದ್ದು ಕೂಡ ಮುಖದ ಗ್ಲಾಸಿನ ಹೀಟರ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದೇ.

ನಮ್ಮ ಕಡೆಯ ಹುಡುಗ ಹುಡುಗಿಯರು ಇವತ್ತು ದುಬೈ, ಆಸ್ಟ್ರೇಲಿಯಾ ಅಂತ ಹೋದಲ್ಲಿ ತರಬೇತುದಾರರ ಎದೆಗೆ ಕಟ್ಟಿಸಿಕೊಂಡು ಜಿಗಿದು ಊರಿಗೆ ವಿಡಿಯೋ ಕಳಿಸುತ್ತಾರೆ. ಲೆನ್ಸ್ ಹಾಕುವವರಾದರೆ ಹಾಕಿಕೊಂಡಿದ್ದೇನೆಂದು ತರಬೇತುದಾರರಿಗೆ ಮೊದಲೇ ತಿಳಿಸಿ. ಒಂದು ಜೊತೆ ಹೆಚ್ಚುವರಿ ಲೆನ್ಸ್, ಇಲ್ಲವೇ ಹಳೆಯ ಕನ್ನಡಕ ನೆಲದ ಮೇಲೆ ಬ್ಯಾಗಿನಲ್ಲಿರಲಿ. ಹೆಚ್ಚು ಮೈನಸ್ ಪವರ್ ಇರುವವರು, ಅಕ್ಷಿಪಟಲದ ತೊಂದರೆ ಬಂದಿದ್ದವರು, ಇತ್ತೀಚೆಗೆ ಕಣ್ಣಿನ ಆಪರೇಷನ್ ಆದವರು ಕಣ್ಣಿನ ಡಾಕ್ಟರನ್ನು ಕೇಳದೆ ಹೊರಡಬೇಡಿ. ಇನ್ನೊಂದು ಮಾತು ಜಿಗಿಯದೆ ಇಲ್ಲೇ ಇರುವವರಿಗೂ: ಲೆನ್ಸನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ, ಲೆನ್ಸ್ ಕಣ್ಣಲ್ಲಿಟ್ಟುಕೊಂಡು ಸೂಳೆಕೆರೆಗೋ ತುಂಗಭದ್ರೆಗೋ ಇಳಿಯಬೇಡಿ. ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನ ಅಡಿಯಲ್ಲಿ ಸೇರಿಕೊಂಡರೆ ಕಣ್ಣೇ ಹೋಗಬಹುದು. ಕಣ್ಣು ಕೆಂಪಾಗಿ ನೋವು ಶುರುವಾದರೆ ಲೆನ್ಸ್ ತೆಗೆದು ಅದೇ ದಿನ ಡಾಕ್ಟರ ಹತ್ತಿರ ಹೋಗಿ, ತೆಗೆದ ಲೆನ್ಸನ್ನೂ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಪರೀಕ್ಷೆಗೆ ಬೇಕಾಗುತ್ತದೆ.